ಪುಟ್ಟಬಸಪ್ಪನವರ ಗೋಡೆಗೆ ನಮ್ಮಣ್ಣನ ಕೋಟ್ ಸ್ಟ್ಯಾಂಡು

ನಮ್ಮಣ್ಣ ಶಿವಮೂರ್ತಿಗೆ ಕೋಟಿಲ್ಲ. ಮದುವೆಯ ದಿನ ಬಾಡಿಗೆಗೆ ತಂದು ತೊಟ್ಟಿದ್ದನ್ನು ಮಾರನೇ ದಿನವೇ ಬೆವರಿನ ಸಮೇತ ಹಿಂದಿರುಗಿಸಿದ್ದ. ಆಮೇಲೆ ಅವನಿಗೆ ಅದರ ಅಗತ್ಯ ಬೀಳಲಿಲ್ಲ. ಚಾಮರಾಜನಗರದ ಗೊಬ್ಬರದ ಅಂಗಡಿಯಲ್ಲಿ ಬಿಲ್ಲು ಹಾಕುವವನು ಕೋಟು ತೊಟ್ಟು ಕೂತರೆ ರೈತರು ಹೆದರಿ ಎದುರಿನ ಅಂಗಡಿಗೆ ಹೋಗುತ್ತಾರೆ. ಇದೆಲ್ಲ ಗೊತ್ತಿದ್ದೂ ಅವನು ಕೋಟು ನೇತುಹಾಕುವ ಸ್ಟ್ಯಾಂಡನ್ನು ತರಿಸಿದ. ಅದರಿಂದ ನಮ್ಮ ಬೀದಿಗೆ ದೇವರು ಬಂದದ್ದನ್ನೂ ನಮ್ಮ ಮನೆ ಹೋಗುವುದರಲ್ಲಿದ್ದದ್ದನ್ನೂ ನಾನು ಕಿಟಕಿ ಪಕ್ಕ, ಹೊಲಿಗೆ ಮಿಷನ್ನಿನ ಮುಂದೆ ಕೂತು ಪೂರ್ತಿ ನೋಡಿದ್ದೇನೆ. ನಾನು ಮಾತಾಡುವುದು ಕಡಿಮೆಯಾದ್ದರಿಂದ ಯಾರೂ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಮೊದಲನೇ ದಿನವೇ ಹೇಳಿಬಿಡುತ್ತಿದ್ದೆ.

ಶುರುವಾಗಿದ್ದು ಗುಂಡ್ಲುಪೇಟೆಯಲ್ಲಿ. ಅತ್ತಿಗೆಯ ತಮ್ಮ ಸಾಗರ್ ಅಲ್ಲೇ ಹತ್ತಿರದ ಮದ್ದೂರು ರೇಂಜಿನಲ್ಲಿ ಫಾರೆಸ್ಟ್ ಗಾರ್ಡು. ಅವನು ಗುಂಡ್ಲುಪೇಟೆಯಲ್ಲಿ ಹೊಸ ಮನೆ ಕಟ್ಟಿ ಗೃಹಪ್ರವೇಶಕ್ಕೆ ಕರೆದಿದ್ದ. ಬಾಗಿಲು ದಾಟಿದ ಕೂಡಲೇ ಎಡಗಡೆ ಗೋಡೆಗೆ ಒಂದು ಮರದ ಸ್ಟ್ಯಾಂಡು. ಮೇಲೆ ಸಾಮಾನು ಇಡಲು ಹಲಗೆ, ಕೆಳಗೆ ಸಾಲಾಗಿ ಹಿತ್ತಾಳೆ ಬಣ್ಣದ ಕೊಕ್ಕೆ, ಪಕ್ಕದಲ್ಲಿ ಕೀ ಸಿಕ್ಕಿಸಲು ಪುಟ್ಟ ಪುಟ್ಟ ಕೊಕ್ಕೆ.

"ಭಾವ, ಹೆಲ್ಮೆಟ್ಟು ಕೊಡಿ ಇತ್ಲಾಗೆ," ಅಂತ ಸಾಗರ್ ಈಸಿಕೊಂಡು ಒಂದು ಕೊಕ್ಕೆಗೆ ತಗುಲಿಹಾಕಿದ.

ಅಷ್ಟೇ. ಅಣ್ಣ ಅವತ್ತು ಪೂರ್ತಿ ಮನುಷ್ಯನಾಗಿರಲಿಲ್ಲ. ಊಟಕ್ಕೆ ಕೂತವನು ಹೋಳಿಗೆಗೆ ತುಪ್ಪ ಬಡಿಸುವಾಗಲೂ ಕತ್ತು ತಿರುಗಿಸಿ ತನ್ನ ಹೆಲ್ಮೆಟ್ಟನ್ನೇ ನೋಡುತ್ತಿದ್ದ. ಕೈ ತೊಳೆದು ಬಂದು ಅದನ್ನು ತೆಗೆದು ಇನ್ನೊಂದು ಕೊಕ್ಕೆಗೆ ಹಾಕಿ, ಹಿಂದೆ ಸರಿದು, ಹೇಗೆ ಕಾಣುತ್ತದೆ ಅಂತ ನೋಡಿದ.

"ಮನೆ ಅಂದ್ರೆ ಇಂಗಿರ್ಬೇಕು ಕಣವ್ವ," ಅಂದ ನಮ್ಮವ್ವನಿಗೆ. "ಬಂದೋರ್ ಕಣ್ಗೆ ಮೊದ್ಲು ಬೀಳದೇ ಅದು."

"ನಮ್ಮನೇಗ್ ಬಂದೋರ್ ಕಣ್ಗೆ ಮೊದ್ಲು ನಿಮ್ ಚಪ್ಲಿ ಬೀಳ್ತದ," ಅಂದರು ಅತ್ತಿಗೆ. "ನನ್ ತಮ್ಮ ಸ್ವಂತ ಗೋಡೆ ಕಟ್ಟವ್ನ, ಏನಾರ ಆಕತಾನ. ನಿಮ್ಗ ಗೋಡೆ ಎಲ್ಲದ?"

ತೊಂದರೆ ಇದ್ದದ್ದು ಅಲ್ಲೇ. ನಾವಿರುವ ಮನೆ ಪುಟ್ಟಬಸಪ್ಪನವರದು. ಅವರಿರುವುದು ಗುಂಡ್ಲುಪೇಟೆಯಲ್ಲಿ, ಅವರ ಜೀವ ಇರುವುದು ಚಾಮರಾಜನಗರದ ಈ ಗೋಡೆಗಳಲ್ಲಿ. ಕಟ್ಟುವಾಗ ಬಿಸಿಲಲ್ಲಿ ನಿಂತು ತಾವೇ ನೀರು ಹಾಕಿದವರು. ಮನೆ ತೋರಿಸಿದ ದಿನ ನಲ್ಲಿ ತೋರಿಸಲಿಲ್ಲ, ಬಚ್ಚಲು ತೋರಿಸಲಿಲ್ಲ, ಹಸುವಿನ ಬೆನ್ನು ಸವರುವ ಹಾಗೆ ಗೋಡೆ ಸವರಿ ಹೇಳಿದ್ದರು: "ನೋಡು ಶಿವಮೂರ್ತಿ, ಇದ್ಕೆ ಒಂದ್ ಮೊಳೆ ಬಿತ್ತಾ, ಅವತ್ತೇ ಖಾಲಿ ಮಾಡ್ಬುಡ್ಬೇಕು." ನಮಗಿಂತ ಮುಂಚೆ ಇದ್ದ ಮೇಷ್ಟ್ರ ಸಂಸಾರ ಒಂದು ಕ್ಯಾಲೆಂಡರಿನ ಮೊಳೆಗೆ ಬೀದಿಗೆ ಬಂದಿತ್ತು. ಹಾಗಾಗಿ ನಮ್ಮ ಮನೆಯಲ್ಲಿ ಕ್ಯಾಲೆಂಡರು ಫ್ರಿಜ್ಜಿಗೆ ಒರಗಿ ನಿಂತಿರುತ್ತದೆ. ಗೋಡೆ ಗಡಿಯಾರ ಮೇಜಿನ ಮೇಲೆ ಅಂಗಾತ ಮಲಗಿರುತ್ತದೆ. ಗಂಟೆ ನೋಡಬೇಕಾದವರು ಬಾವಿಗೆ ಬಗ್ಗಿದ ಹಾಗೆ ಬಗ್ಗಬೇಕು.

ಆದರೂ ಆ ಮನೆ ಬಿಟ್ಟರೆ ನಮಗೆ ಗತಿಯಿಲ್ಲ. ಅವ್ವನ ಮಂಡಿಗೆ ಮೆಟ್ಟಿಲು ಹತ್ತಲಾಗದು. ನೆಲಮಟ್ಟದ ಮನೆ, ಅದರಲ್ಲೂ ಬೀದಿಗೆ ಕಿಟಕಿಯಿರುವ ಮನೆ ಹುಡುಕಿ ನಾವು ಒಂದು ಮಳೆಗಾಲ ಪೂರ್ತಿ ಅಲೆದಿದ್ದೆವು. ಒಂಬತ್ತನೇ ಕ್ಲಾಸಿಗೆ ಸ್ಕೂಲು ಬಿಟ್ಟ ನನಗೆ ಆ ಕಿಟಕಿಯೇ ಅಂಗಡಿ. ರವಿಕೆ ಬಟ್ಟೆ ಒಳಗೆ ಬರುವುದೂ ಹೊಲಿದ ರವಿಕೆ ಹೊರಗೆ ಹೋಗುವುದೂ ಅದರಲ್ಲೇ.

ಅಣ್ಣ ಮೊಬೈಲಿನಲ್ಲಿ ಆರ್ಡರ್ ಮಾಡಿದ ಸ್ಟ್ಯಾಂಡು ಬಂತು. ಡಬ್ಬದ ಮೇಲೆ ಮಂಡಿಯ ತನಕ ಕೋಟು ತೊಟ್ಟು, ತಲೆಗೆ ಟೋಪಿ ಇಟ್ಟ ಬಿಳಿಯ ಒಬ್ಬ ನಗುತ್ತ ನಿಂತಿದ್ದ. ಅಣ್ಣ ಆ ಡಬ್ಬವನ್ನು ಬಿಸಾಡಲಿಲ್ಲ. ಹಾರ್ಡ್‌ವೇರ್ ಅಂಗಡಿಯವನಿಂದ ತೂತು ಕೊರೆಯುವ ಮಿಷನ್ ಕೇಳಿ ತಂದ.

"ಪುಟ್ಟಬಸಪ್ಪೋರು?" ಅಂದರು ಅತ್ತಿಗೆ.

"ಅವ್ರು ಬ್ಯಾಡ ಅಂದಿರದು ಮೊಳೆ ಕಣೆ. ಇದು ಸ್ಕ್ರೂ."

ಈ ಕಾನೂನಿನ ಬಲದ ಮೇಲೆ ಅವನು ಕೊರೆದ. ಮೊದಲ ತೂತು ಹೆಬ್ಬೆರಳು ತೂರುವಷ್ಟು ದೊಡ್ಡದಾಯಿತು. ಅದಕ್ಕೆ ಕಡ್ಡಿ ತುರುಕಿ, ವೈಟ್ ಸಿಮೆಂಟ್ ಮೆತ್ತಿದ. ಉಳಿದವು ಒಂದೊಂದು ದಿಕ್ಕಿಗೆ ಹೋದವು. ಸ್ಕ್ರೂಗಳನ್ನು ಎಷ್ಟು ಜೋರಾಗಿ ತಿರುಗಿಸಿದನೆಂದರೆ ಅವುಗಳ ತಲೆಯ ಗೀರೇ ಸವೆದುಹೋಯಿತು. ಕಡೆಗೆ ಸ್ಟ್ಯಾಂಡು ನಿಂತಿತು. ಹಲಗೆಯ ಮೇಲೆ ಹೆಲ್ಮೆಟ್ಟು ಇಟ್ಟ. ಕೊಕ್ಕೆಗೆ ಮಳೆಗಾಲದ ಜರ್ಕಿನ್ನು, ಛತ್ರಿ, ಅತ್ತಿಗೆಯ ತರಕಾರಿ ಬ್ಯಾಗು, ಬೈಕಿನ ಕೀ ಎಲ್ಲ ಬಂದವು. ಆಮೇಲೆ ಹೊರಗೆ ಹೋಗಿ, ಬಾಗಿಲು ತಟ್ಟಿ, ನೆಂಟನ ಹಾಗೆ ಒಳಗೆ ಬಂದು, ಸ್ಟ್ಯಾಂಡನ್ನು ಕಂಡು ಆಶ್ಚರ್ಯಪಟ್ಟ.

ಆ ಆಶ್ಚರ್ಯ ಮಾರನೇ ಸಂಜೆಯ ತನಕ ಉಳಿಯಿತು. ಆಗ ಪುಟ್ಟಬಸಪ್ಪನವರ ಫೋನು ಬಂತು.

"ಸೋಮಾರ ಬತ್ತಿನಿ ಶಿವಮೂರ್ತಿ. ಟ್ಯಾಂಕ್ ಒಂಚೂರ್ ನೋಡ್ಬೇಕು. ಗೋಡೆ ಎಲ್ಲಾ ಚೆನ್ನಾಗವಾ?"

"ಚೆನ್ನಾಗವೆ ಯಜಮಾನ್ರೇ, ನಿಮ್ಮನ್ನ ಕೇಳ್ತಾವೆ," ಅಂದುಬಿಟ್ಟ ಅಣ್ಣ.

ಫೋನಿಟ್ಟವನೇ ಸ್ಕ್ರೂ ಬಿಚ್ಚಲು ಹೋದ. ತಲೆ ಸವೆದ ಸ್ಕ್ರೂ ತಿರುಗಲಿಲ್ಲ. ಸ್ಟ್ಯಾಂಡನ್ನೇ ಹಿಡಿದು ಎಳೆದ. ಒಂದು ಮೂಲೆಯಲ್ಲಿ ಗಾರೆ ಉದುರಿತು. ಇನ್ನೂ ಎಳೆದರೆ ಸ್ಟ್ಯಾಂಡಿನ ಜೊತೆ ಗೋಡೆಯೂ ಕೈಗೆ ಬರುತ್ತದೆಂದು ಬಿಟ್ಟ. ಸುತ್ತ ನೋಡಿದ. ನನ್ನ ಮಿಷನ್ನಿನ ಮೇಲೆ ಹಳದಿ ಬಟ್ಟೆಯೊಂದು ಮಡಿಸಿಟ್ಟಿತ್ತು. ಎದುರು ಮನೆ ಚಿಕ್ಕನಿಂಗಮ್ಮನವರು ಒಳಲಂಗ ಹೊಲಿಯಲು ಕೊಟ್ಟ ಹೊಸ ಬಟ್ಟೆ. ನಾನು "ಅಣ್ಣ, ಅದು..." ಅನ್ನುವಷ್ಟರಲ್ಲಿ ಅವನು ಅದನ್ನು ಸ್ಟ್ಯಾಂಡಿನ ಮೇಲಿಂದ ಇಳಿಬಿಟ್ಟು ಪಿನ್ನು ಚುಚ್ಚಿಯಾಗಿತ್ತು.

"ಕರ್ಟನ್ ಅನ್ಕತಾರೆ," ಅಂದ.

"ಕಿಟ್ಕಿ ಇಲ್ದಿರ ಗೋಡೆಗಾ?" ಅಂದರು ಅತ್ತಿಗೆ.

ನಾನು ದೂರದಿಂದ ನೋಡಿದೆ. ಮೇಲೆ ಹೆಲ್ಮೆಟ್ಟು ಬಟ್ಟೆಯೊಳಗೆ ದುಂಡಗೆ ಉಬ್ಬಿ ತಲೆಯ ಹಾಗಿತ್ತು. ಅದರ ಕೆಳಗೆ ಜರ್ಕಿನ್ನು ಎರಡು ಭುಜದ ಹಾಗಿತ್ತು. ಛತ್ರಿಯ ಹಿಡಿ ಒಂದು ಕಡೆ ಬೆತ್ತದ ಹಾಗೆ ಚಾಚಿತ್ತು. ಒಳಗೇನಿದೆ ಅಂತ ಗೊತ್ತಿದ್ದ ನನಗೇ ಒಂದು ಕ್ಷಣ ಎದ್ದು ನಿಲ್ಲಬೇಕೆನ್ನಿಸಿತು.

ಬೆಳಿಗ್ಗೆ ಚಿಕ್ಕನಿಂಗಮ್ಮನವರು "ಲಂಗ ಆಯ್ತೇನಮ್ಮಿ?" ಅಂತ ಕೂಗಿಕೊಂಡೇ ಬಂದವರು ಹೊಸ್ತಿಲಲ್ಲಿ ಗಕ್ಕನೆ ನಿಂತರು. ಅಣ್ಣ ಬಾಯಲ್ಲಿ ಬ್ರಶ್ಶು ಇಟ್ಟುಕೊಂಡು ಬಚ್ಚಲಿಂದ ಬರುತ್ತಿದ್ದ.

"ಶಿವಮೂರ್ತಿ! ದೇವ್ರ ಯಾವಾಗ್ ತಂದ್ರಪ್ಪ?"

ಅಣ್ಣನ ಬಾಯಿ ತುಂಬ ನೊರೆ.

"ಮಾದಪ್ಪನಾ?"

ನೊರೆ ತುಂಬಿದ ಬಾಯಲ್ಲಿ ಹೌದು ಅನ್ನಲೂ ಆಗುವುದಿಲ್ಲ, ಅಲ್ಲ ಅನ್ನಲೂ ಆಗುವುದಿಲ್ಲ. ಅಣ್ಣನ ತಲೆ ಎಲ್ಲ ದಿಕ್ಕಿಗೂ ಆಡಿತು. ಚಿಕ್ಕನಿಂಗಮ್ಮನವರು ಅದರಲ್ಲಿ ತಮಗೆ ಬೇಕಾದ ದಿಕ್ಕನ್ನು ಹಿಡಿದುಕೊಂಡರು.

"ಅಯ್ಯೋ ನನ್ನಪ್ಪನೇ, ನಾನು ಚಪ್ಲಿ ಮೆಟ್ಕೊಂಡೇ ನಿಂತಿವ್ನಲ್ಲ! ಒಂದ್ ಮಾತ್ ಏಳ್ಬಾರ್ದಾ?" ಅಂತ ಕೆನ್ನೆ ಕೆನ್ನೆ ಬಡಿದುಕೊಂಡು, ಲಂಗ ಮರೆತು, ಓಡಿದರು.

ಅಣ್ಣ ಬಾಯಿ ಮುಕ್ಕಳಿಸಿ ಬರುವಷ್ಟರಲ್ಲಿ ಬೀದಿಗೆ ಸುದ್ದಿಯಾಗಿತ್ತು. ನಿಜ ಹೇಳೋಣವೆಂದರೆ ಪುಟ್ಟಬಸಪ್ಪನವರು ಮನೆ ಮೇಲೆ ಒಂದು ಕಣ್ಣಿಡಲು ಹೇಳಿದ್ದು ಇದೇ ಚಿಕ್ಕನಿಂಗಮ್ಮನವರಿಗೆ. ಅವರಿಗೆ ತಿಳಿದದ್ದು ಗುಂಡ್ಲುಪೇಟೆಗೆ ತಿಳಿಯಲು ಬಸ್ಸು ಬೇಡ.

"ಸೋಮಾರ ತನ್ಕ ಇರ್ಲಿ ಬುಡು," ಅಂದ ಅಣ್ಣ. "ದೇವ್ರು ಅನ್ಕಂಡ್ರೆ ಯಾರೂ ಎತ್ತಿ ನೋಡಲ್ಲ."

ಅದು ನಿಜ. ನಮ್ಮ ಕಡೆ ಹಳದಿ ಬಟ್ಟೆ ಮುಚ್ಚಿದ್ದನ್ನು ಯಾರೂ ಎತ್ತಿ ನೋಡುವುದಿಲ್ಲ. ಏನು, ಎತ್ತ ಅಂತ ಕೇಳುವುದೂ ಇಲ್ಲ. ಕೈಮುಗಿಯುತ್ತಾರೆ. ಮುಗಿದವರು ಮುಗಿದು ಹೋಗಿಬಿಟ್ಟರೆ ಚಿಂತೆಯಿರಲಿಲ್ಲ. ಸಂಜೆಗೆ ಅವರು ಹಣ್ಣುಕಾಯಿ ತಂದರು. ಬಾಗಿಲಲ್ಲಿ ಬಿಟ್ಟ ಚಪ್ಪಲಿಗಳ ಸಾಲು ಪಕ್ಕದ ಮನೆ ಗೇಟು ದಾಟಿತು. ಗ್ಯಾಸ್ ಸಿಲಿಂಡರ್ ತಂದವನು ಶೂ ಬಿಚ್ಚಿ, ಸಿಲಿಂಡರನ್ನು ಉರುಳಿಸದೆ ಮಗುವಿನ ಹಾಗೆ ಎತ್ತಿಕೊಂಡು ಒಳಗೆ ಬಂದ. ಅದೊಂದು ಲಾಭವಾಯಿತು ಅಂತ ಅತ್ತಿಗೆ ಒಪ್ಪಿಕೊಂಡರು.

ನಮ್ಮವ್ವ ಸೋಮಮ್ಮ ಅಣ್ಣ ತೂತು ಕೊರೆಯುವಾಗ ಪಕ್ಕದಲ್ಲೇ ಕೂತು ಸೆರಗಿನಿಂದ ಮೂಗು ಮುಚ್ಚಿಕೊಂಡಿದ್ದವಳು. ಅವಳೇ ಮಾರನೇ ಬೆಳಿಗ್ಗೆ ಎದ್ದು ಸ್ಟ್ಯಾಂಡಿನ ಕೆಳಗೆ ದೀಪ ಹಚ್ಚಿದಳು.

"ಅವ್ವಾ, ಒಳಗೆ ಇರದು ನನ್ ಹೆಲ್ಮೆಟ್ಟು!"

"ಗೊತ್ತು ಕಣ್ಲಾ. ಅಷ್ಟ್ ಜನ ಕೈಮುಗ್ದವ್ರೆ. ಏನಾರ ಬಂದು ಕೂತಿದ್ರೆ?"

ಅಣ್ಣನಿಗೆ ಆ ಹೆಲ್ಮೆಟ್ಟು ಇನ್ನು ಸಿಗುವಂತಿರಲಿಲ್ಲ. ತೆಗೆದರೆ ದೇವರಿಗೆ ತಲೆ ಇರುವುದಿಲ್ಲ. ಬರಿತಲೆಯಲ್ಲಿ ಹೋದವನನ್ನು ಸರ್ಕಲ್ಲಿನಲ್ಲಿ ಪೊಲೀಸಿನವರು ನಿಲ್ಲಿಸಿದರು.

"ಹೆಲ್ಮೆಟ್ ಎಲ್ರೀ?"

"ಮನೇಲದೆ ಸಾರ್. ತೆಗೆಯಂಗಿಲ್ಲ. ಜನ ಪೂಜೆ ಮಾಡ್ತಾವ್ರೆ."

ಪೊಲೀಸಿನವರು ಅವನ ಹತ್ತಿರ ಬಂದು ಬಾಯಿ ಮೂಸಿ ನೋಡಿ, ಏನೂ ವಾಸನೆ ಬರದಿದ್ದಕ್ಕೆ ಇನ್ನಷ್ಟು ಗಾಬರಿಯಾಗಿ, "ಮೆತ್ತಗೆ ಮನೇಗೋಗಿ," ಅಂದರಂತೆ.

ಕೀ ವಿಷಯ ಇದಕ್ಕಿಂತ ದೊಡ್ಡದಾಯಿತು. ಬೈಕಿನ ಕೀ ಬಟ್ಟೆಯ ಹಿಂದಿನ ಕೊಕ್ಕೆಯಲ್ಲಿತ್ತು. ಸುದ್ದಿ ಹಬ್ಬಿದ ದಿನ ಬೆಳಿಗ್ಗೆಯೇ ಅಣ್ಣ ಅದನ್ನು ತೆಗೆಯಲು ಹೋದಾಗ ಬಾಗಿಲಲ್ಲಿ ನಾಲ್ಕೈದು ಜನ ನಿಂತಿದ್ದರು. ಸುಮ್ಮನೆ ಕೈ ತೂರಿಸಿದರೆ ಚೆನ್ನಾಗಿರುವುದಿಲ್ಲವೆಂದು ಅವನು ಕೈಮುಗಿದು, ಕಣ್ಣು ಮುಚ್ಚಿ, ಬಟ್ಟೆಯೊಳಗೆ ಕೈ ಹಾಕಿ, ತಡಕಾಡಿ, ಕೀ ತೆಗೆದು ಕಣ್ಣಿಗೊತ್ತಿಕೊಂಡ. ಮಧ್ಯಾಹ್ನ ಒಬ್ಬ ಆಟೋದವನು ಬಂದ.

"ಅಕ್ಕಾ, ಕೀ ಒಂದಿವ್ಸ ದೇವ್ರತ್ರ ಇಟ್ಕೊಡ್ತಿರಾ? ಗಾಡಿ ಬರೀ ಕೈ ಕೊಡ್ತಾದೆ."

ಅತ್ತಿಗೆ ಬೇಡ ಅನ್ನುವಷ್ಟರಲ್ಲಿ ಅವ್ವ ಈಸಿಕೊಂಡಿದ್ದಳು. ಮಾರನೇ ದಿನ ಆಟೋ ಒಂದೇ ಸಲಕ್ಕೆ ಸ್ಟಾರ್ಟ್ ಆಯಿತಂತೆ. ಅದರ ಮಾರನೇ ದಿನ ಎರಡು ಟ್ರ್ಯಾಕ್ಟರು, ಒಂದು ಗೂಡ್ಸ್ ಗಾಡಿ ಮತ್ತು ಯಾರದೋ ಬೀರುವಿನ ಕೀಗಳು ಬಂದವು. ಸ್ಟ್ಯಾಂಡು ಜೀವಮಾನದಲ್ಲಿ ಯಾವ ಕೆಲಸಕ್ಕೆ ಹುಟ್ಟಿತ್ತೋ ಆ ಕೆಲಸವನ್ನು ಅಚ್ಚುಕಟ್ಟಾಗಿ ಮಾಡುತ್ತಿತ್ತು. ಅಣ್ಣನ ಕೀಗೆ ಮಾತ್ರ ಜಾಗವಿರಲಿಲ್ಲ.

ಕಂದಾಯದ ವಿಷಯಕ್ಕೆ ವಾರ್ಡಿಗೆ ಬರುವ ರಾಜಶೇಖರ್ ಕೂಡ ಬಂದರು. ಬಾಗಿಲಲ್ಲಿ ನಿಂತು, ಒಳಗೆ ದೀಪ ನೋಡಿ, ಹೊರಗೆ ಚಪ್ಪಲಿ ನೋಡಿ, ಪೆನ್ನು ತಲೆಗೆ ತಿಕ್ಕಿಕೊಂಡರು.

"ಇದು ಮನೆಯೋ ಗುಡಿಯೋ?"

"ಮನೆ ಸಾರ್," ಅಂದ ಅಣ್ಣ.

"ದೇವಸ್ಥಾನ ಕಣ್ಸಾರ್!" ಅಂದರು ಹಿಂದೆ ಸಾಲಿನಲ್ಲಿ ನಿಂತವರು.

"ಇಬ್ರೂ ಸೇರಿ ಒಂದು ತೀರ್ಮಾನಕ್ಕೆ ಬನ್ರಪ್ಪ. ನಾನೇನಂತ ಬರ್ಕಳ್ಳಿ?" ಅಂದರು ರಾಜಶೇಖರ್. ತೀರ್ಮಾನ ಆಗುವ ತನಕ ಇರಲಿ ಅಂತ ತಾವೂ ಒಂದು ಸಲ ಕೈಮುಗಿದು, ತಮ್ಮ ಸ್ಕೂಟರಿನ ಕೀಯನ್ನು ಅವ್ವನ ಕೈಗೆ ಕೊಟ್ಟರು.

ಭಾನುವಾರ ಫೋನು ಬಂತು. ಪುಟ್ಟಬಸಪ್ಪನವರೇ. ಅಣ್ಣ ಸ್ಪೀಕರ್ ಹಾಕಿದ. 

"ಶಿವಮೂರ್ತಿ... ನನ್ ಗೋಡೇಲಿ ಮಾದಪ್ಪ ಕೂತವ್ನಂತಲ್ಲಪ್ಪಾ."

ಅಣ್ಣ ಅತ್ತಿಗೆಯ ಮುಖ ನೋಡಿದ. ಅತ್ತಿಗೆ ಗೋಡೆ ನೋಡಿದರು.

"ನಂಗ್ಯಾಕ್ ಏಳ್ನಿಲ್ಲ? ಇರ್ಲಿ. ನಾಳೆ ಟ್ಯಾಂಕು ಪಾಂಕು ಏನೂ ಬ್ಯಾಡ. ತೆರೆ ತೆಗ್ದು ಪೂಜೆ ಮಾಡ್ಬುಡನ. ಚಿಕ್ಕನಿಂಗಮ್ಮ ಉಮ್ಮತ್ತೂರಿಂದ ಗುಡ್ಡಪ್ಪನ್ನ ಕರುಸ್ತೀನಿ ಅಂದವ್ಳೆ."

ಗುಡ್ಡಪ್ಪ ಅಂದರೆ ಮಾದಪ್ಪನ ಹೆಸರಲ್ಲಿ ಜೋಳಿಗೆ ಹಾಕಿಕೊಂಡು ಮನೆಮನೆಗೆ ಹೋಗಿ ಪಡಿ, ಅಂದರೆ ಅಕ್ಕಿ ರಾಗಿ, ಬೇಡುವವರು. ಅವರು ಬಂದು ತೆಗೆದರೆ ತೆರೆ ತೆಗೆದ ಹಾಗೆ.

"ನಾಳೆ ನಾನ್ ಊರಲ್ಲಿ ಇರದಿಲ್ಲ," ಅಂದ ಅಣ್ಣ.

"ಓಗಿ. ನಿಮ್ ಹೆಲ್ಮೆಟ್‌ಗೆ ನಾನೇ ಮಂಗಳಾರ್ತಿ ಎತ್ತುತೀನಿ," ಅಂದರು ಅತ್ತಿಗೆ. ಆಮೇಲೆ ಧ್ವನಿ ತಗ್ಗಿಸಿ, "ಈ ಮನೆ ಓದ್ರೆ ಅತ್ತೆನ ಯಾವ್ ಮಹಡಿ ಮ್ಯಾಕೆ ಎತ್ಕೊಂಡೋಗನ? ಈ ಮಗೀನ ಮಿಷನ್ನ ಎಲ್ಲಿ ಇಡನ?" ಅಂದರು.  ಅಣ್ಣ ಡಬ್ಬದ ಮೇಲಿನ ಕೋಟಿನವನನ್ನು ನೋಡಿದ. ಅವನು ನಗುತ್ತಲೇ ಇದ್ದ.

ಸೋಮವಾರ ಬೆಳಿಗ್ಗೆಗೇ ಮನೆ ತುಂಬಿತು. ಪುಟ್ಟಬಸಪ್ಪನವರು ತೆರಕಣಾಂಬಿ ಮೇಲೆ ಬರುವ ಮೊದಲ ಬಸ್ಸಿಗೆ ಬಂದರು. ಹೊಸ ಪಂಚೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಒಂದು ಗೊನೆ ಬಾಳೆಹಣ್ಣು. ಚಪ್ಪಲಿಯನ್ನು ಬೀದಿಯ ತುದಿಯಲ್ಲೇ ಬಿಟ್ಟು ಕಲ್ಲು ಚುಚ್ಚಿಸಿಕೊಂಡು ನಡೆದು ಬಂದಿದ್ದರು. ತಮ್ಮ ಮನೆಯ ಹೊಸ್ತಿಲಿಗೆ ತಾವೇ ನಮಸ್ಕಾರ ಮಾಡಿದರು.

ಅವರ ಹಿಂದೆಯೇ ಗುಡ್ಡಪ್ಪ ಮಾದಣ್ಣ ಬಂದರು. ಹೆಗಲಿಗೆ ಜೋಳಿಗೆ, ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಕಂಸಾಳೆ. ಪೂಜೆಗೆ ಮುಂಚೆ ಉಣ್ಣಬಾರದೆಂದು ಚಿಕ್ಕನಿಂಗಮ್ಮನವರು ಹೇಳಿದ್ದರಿಂದ ಉಮ್ಮತ್ತೂರಿನಲ್ಲಿ ಬರೀ ನೀರು ಕುಡಿದು ಬಸ್ಸು ಹತ್ತಿದ್ದರು. ಒಳಗೆ ಬಂದವರು ಮೊದಲು ದೇವರನ್ನು ನೋಡಲಿಲ್ಲ. ಗೋಡೆಯಿಂದ ಗೋಡೆಗೆ ಕಣ್ಣಾಡಿಸಿದರು.

"ಜೋಳಿಗೆ ಎಲ್ಲಿ ನೇತಾಕದು ತಾಯಿ? ನೆಲ ಮುಟ್ಟುಸಂಗಿಲ್ಲ. ಒಂದ್ ಗೂಟ ಇಲ್ವಾ?"

"ಈ ಮನೇಲಿ ಗೂಟ ಇಲ್ಲ ಕಣಪ್ಪ," ಅಂದರು ಪುಟ್ಟಬಸಪ್ಪನವರು ಹೆಮ್ಮೆಯಿಂದ. "ಒಂದು ಮೊಳೆನೂ ಇಲ್ಲ."

ಮಾದಣ್ಣ ಜೋಳಿಗೆಯನ್ನು ಎಡ ಹೆಗಲಿಂದ ಬಲ ಹೆಗಲಿಗೆ ಬದಲಾಯಿಸಿ, "ಅಂಗಾರೆ ಬೇಗ ಮುಗ್ಸನ. ಸಾರ್ ವಾಸ್ನೆ ಬತ್ತಾದೆ," ಅಂದರು.

"ಯಜಮಾನ್ರೇ," ಅಂದ ಅಣ್ಣ. "ಇವತ್ತು ಬ್ಯಾಡ. ಗಳಿಗೆ ಸರಿಯಿಲ್ಲ."

"ಸೋಮಾರಕ್ಕಿಂತ ಒಳ್ಳೆ ಗಳಿಗೆ ಯಾವ್ದಪ್ಪ ಮಾದಪ್ಪಂಗೆ?"

"ಕರೆಂಟ್ ಓಗ್ಬೋದು."

"ದೀಪ ಅ​ದ."

"ನಂಗೆ... ನಂಗೆ ಹೊಟ್ಟೆ ನೋವು."

"ನೀನ್ ಆ ಕಡೆ ಓಗು. ಮಾದಣ್ಣ, ತೆಗೀರಿ."

ಮಾದಣ್ಣ ಹಸಿದಿದ್ದರು. ಒಂದೇ ಸಲ ಎಳೆದರು. "ಉಘೇ ಮಾದಪ್ಪಾ!" ಅಂತ ಇಡೀ ಮನೆ ಕೂಗಿತು. ಪುಟ್ಟಬಸಪ್ಪನವರು ಕಣ್ಣು ಮುಚ್ಚಿಕೊಂಡೇ ಆ ಬಟ್ಟೆಯನ್ನು ಈಸಿಕೊಂಡು, ಕಣ್ಣಿಗೊತ್ತಿಕೊಂಡು, ಶಲ್ಯದ ಹಾಗೆ ಹೆಗಲಿಗೆ ಹಾಕಿಕೊಂಡರು. ನನ್ನ ಪಕ್ಕ ಒತ್ತರಿಸಿಕೊಂಡು ನಿಂತಿದ್ದ ಚಿಕ್ಕನಿಂಗಮ್ಮನವರು ಅದರ ಅಂಚನ್ನೇ ನೋಡುತ್ತ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಮ್ಮಿ... ಅದು ನನ್ ಲಂಗದ್ ಬಟ್ಟೆ ಅಲ್ವಾ?"

ನಾನು ತಲೆಯಾಡಿಸಿದೆ.

ಅವರು ಪುಟ್ಟಬಸಪ್ಪನವರ ಹೆಗಲನ್ನು ನೋಡಿದರು, ನನ್ನನ್ನು ನೋಡಿದರು. "ಯಾರ್ಗೂ ಏಳ್ಬ್ಯಾಡ ಕಣಮ್ಮಿ," ಅಂದು, ಮೊದಲಿಗಿಂತ ಜೋರಾಗಿ "ಉಘೇ!" ಅಂದರು.

ಆದರೆ ಮುಂದಿದ್ದವರು ಕೂಗುವುದನ್ನು ನಿಲ್ಲಿಸಿದ್ದರು. ಹೆಲ್ಮೆಟ್ಟು, ಜರ್ಕಿನ್ನು, ಛತ್ರಿ, ನುಗ್ಗೆಕಾಯಿ ಇಣುಕುತ್ತಿದ್ದ ತರಕಾರಿ ಬ್ಯಾಗು, ಊರಿನ ಅರ್ಧ ಗಾಡಿಗಳ ಕೀಗೊಂಚಲು. ಹಿಂದಿನ ಸಾಲಿನವರು ಏನೂ ಕಾಣದೆ ಇನ್ನೂ ಕೈಮುಗಿದುಕೊಂಡೇ ಇದ್ದರು. ಪುಟ್ಟಬಸಪ್ಪನವರು ಕಣ್ಣು ಬಿಟ್ಟರು.

ಬೇರೆ ಯಾರಾದರೂ ಆಗಿದ್ದರೆ ದೇವರೆಲ್ಲಿ ಅಂತ ಕೇಳುತ್ತಿದ್ದರು. ಪುಟ್ಟಬಸಪ್ಪನವರು ಹೆಲ್ಮೆಟ್ಟನ್ನು ನೋಡಲೇ ಇಲ್ಲ. ನೆಟ್ಟಗೆ ಸ್ಟ್ಯಾಂಡಿನ ಮೂಲೆಗೆ ಹೋಗಿ, ಬಗ್ಗಿ, ಒಂದು ಬೆರಳನ್ನು ಸ್ಕ್ರೂವಿನ ತಲೆಯ ಮೇಲಿಟ್ಟರು. ಡಾಕ್ಟರು ಗಡ್ಡೆ ಮುಟ್ಟಿ ನೋಡುವ ಹಾಗೆ.

"ಇದೇನು?"

"ಸ್ಕ್ರೂ ಯಜಮಾನ್ರೇ. ಮೊಳೆ ಅಲ್ಲ."

"ಗಾರೆ ಉದ್ರದೆ."

"ಒಂಚೂರು."

"ಶಿವಮೂರ್ತಿ," ಅಂದರು ಪುಟ್ಟಬಸಪ್ಪನವರು. ಜೋರಾಗಿ ಅನ್ನಲಿಲ್ಲ. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಇವತ್ತು ಸಂಜೆ ಒಳಗೆ ಖಾಲಿ ಮಾಡ್ಬುಡು."

ಅವ್ವ ಗೋಡೆ ಹಿಡಿದು ಕೂತಳು. ಅತ್ತಿಗೆ ಹೋಗಿ ಮೇಜಿನ ಮೇಲಿನ ಗಡಿಯಾರವನ್ನು ಎತ್ತಿ ಎದೆಗವುಚಿಕೊಂಡರು, ಅಲ್ಲಿಂದಲೇ ಸಾಮಾನು ಕಟ್ಟಲು ಶುರುಮಾಡುವವರ ಹಾಗೆ. ಅಣ್ಣ ಕೈಮುಗಿದು ನಿಂತ. ಈ ಸಲ ಅವನು ನಿಜವಾಗಿಯೂ ಮುಗಿದಿದ್ದ. ಆಟೋದವನು "ಅಂಗಾರೆ ನನ್ ಗಾಡಿ ಎಂಗ್ಲಾ ಸ್ಟಾರ್ಟಾಯ್ತು?" ಅಂತ ಪಕ್ಕದವನನ್ನು ಕೇಳಿದ. ಯಾರೋ ತಮ್ಮ ತೆಂಗಿನಕಾಯಿ ವಾಪಸು ಕೇಳಿದರು. ನಾನು ಮಿಷನ್ನಿನ ಮೇಲೆ ಕೈಯಿಟ್ಟು, ಕಿಟಕಿಯಾಚೆಗಿನ ಬೀದಿಯನ್ನು ಒಂದು ಸಲ ಈ ತುದಿಯಿಂದ ಆ ತುದಿಗೆ ನೋಡಿಕೊಂಡೆ.

ಈ ಗಲಾಟೆಯಲ್ಲಿ ಮಾದಣ್ಣನವರನ್ನು ಎಲ್ಲರೂ ಮರೆತಿದ್ದರು. ಅವರು ಸ್ಟ್ಯಾಂಡನ್ನೇ ನೋಡುತ್ತಿದ್ದರು.

"ದೇವ್ರಲ್ವಾ ಇದು? ಬರೀ ಗೂಟವಾ?" ಅಂದರು.

"ಬರೀ ಗೂಟ," ಅಂದರು ಅತ್ತಿಗೆ.

"ಅದ್ನ ಆಗ್ಲೇ ಏಳ್ಬಾರದಾ ತಾಯಿ? ಆವಾಗಿಂದ ಹೊತ್ಕೊಂಡ್ ನಿಂತಿವ್ನಿ!" ಅಂತ ಜೋಳಿಗೆಯನ್ನು ಹೆಗಲಿಂದ ತೆಗೆದು ಒಂದು ಕೊಕ್ಕೆಗೆ ಹಾಕಿದರು. ಕಂಸಾಳೆಯನ್ನು ಪಕ್ಕದ ಕೊಕ್ಕೆಗೆ, ಬೆತ್ತವನ್ನು ಅದರ ಪಕ್ಕಕ್ಕೆ. ಆಮೇಲೆ "ಅಪ್ಪಾ ಮಾದಪ್ಪಾ..." ಅಂತ ನಿಟ್ಟುಸಿರು ಬಿಟ್ಟು, ಅದರ ಕೆಳಗೆ ಚಕ್ಕಳಮಕ್ಕಳ ಹಾಕಿ ಕೂತು, "ಎಲೆ ಆಕ್ರವ್ವ," ಅಂದರು.

 ಪುಟ್ಟಬಸಪ್ಪನವರ ಬೆರಳು ಇನ್ನೂ ಸ್ಕ್ರೂವಿನ ಮೇಲಿತ್ತು. ಅದರ ಒಂದು ಗೇಣು ದೂರದಲ್ಲಿ ಮಾದಪ್ಪನ ಜೋಳಿಗೆ ತೂಗುತ್ತಿತ್ತು. ಅವರು ಬೆರಳನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡು, ಅದೇ ಕೈಯಿಂದ ಕೆನ್ನೆ ಬಡಿದುಕೊಂಡರು. ಮೊದಲು ಅವ್ವ ಕೈಮುಗಿದಳು. ಆಮೇಲೆ ಎಲ್ಲರೂ. ತೆಂಗಿನಕಾಯಿ ಕೇಳಿದವರು ಅದನ್ನು ಮತ್ತೆ ಅಲ್ಲೇ ಇಟ್ಟರು.

"ಮಾದಣ್ಣ, ಅದ್ನ ಒಂಚೂರ್ ಬ್ಯಾರೆ ಕಡೆ..." ಅಂದರು ಪುಟ್ಟಬಸಪ್ಪನವರು.

"ಪಡಿ ತುಂಬ್ದೆ ಬರೀ ಜೋಳಿಗೆ ಇಳುಸದಿಲ್ಲ ನಾನು."

"ತುಂಬುಸ್ಕಂಡ್ ಮ್ಯಾಲೆ?"

"ಎತ್ಕೊಂಡ್ ಓಯ್ತೀನಿ. ಬರೋ ವರ್ಸ ಬತ್ತೀನಿ. ಒಂದ್ಸಲ ಜೋಳಿಗೆ ಆಕುದ್ ಗೂಟ ನಾವ್ ಬುಡದಿಲ್ಲ. ನಾನ್ ಓದ್ರೆ ನನ್ ಮಗ ಬತ್ತಾನೆ."

ಪುಟ್ಟಬಸಪ್ಪನವರು ಯೋಚನೆಗೆ ಬಿದ್ದರು. ಶಿವಮೂರ್ತಿಯ ಸಂಸಾರವನ್ನು ಕಳಿಸಿದರೆ ನಾಳೆ ಇನ್ಯಾರೋ ಬರುತ್ತಾರೆ. ಅವರು ಪಡಿ ಹಾಕುವವರೋ ಅಲ್ಲವೋ. ಬಾಗಿಲು ಹಾಕಿಕೊಂಡು ಟಿವಿ ನೋಡುತ್ತ ಕೂತರೆ? ಮಾದಪ್ಪನ ಜೋಳಿಗೆ ತಮ್ಮ ಗೋಡೆಯಿಂದ ಬರಿದಾಗಿ ಹೋಗುವುದನ್ನು ಅವರು ಕಣ್ಣೆದುರಿಗೆ ಕಂಡವರ ಹಾಗೆ ಬೆಚ್ಚಿದರು.

"ಶಿವಮೂರ್ತಿ, ಮನೆ ಗಿನೆ ಖಾಲಿ ಮಾಡ್ತೀನಿ ಅಂದ್ಯೋ, ಉಷಾರು."

"ನೀವೇ ಅಂದ್ರಲ್ಲ ಯಜಮಾನ್ರೇ?"

"ನಾನಂದ್ರೆ ನೀನ್ ಕೇಳ್ಬುಡದಾ? ಎಲ್ಲೂ ಓಗಂಗಿಲ್ಲ. ವರ್ಸ ವರ್ಸ ಪಡಿ ಆಕ್ಕೊಂಡು ಇಲ್ಲೇ ಬಿದ್ದಿರ್ಬೇಕು. ಮೊದ್ಲು ಆ ಹೆಲ್ಮೆಟ್ ಎತ್ತು. ಇನ್ನು ಅದ್ಕೆ ಬ್ಯಾರೆ ಏನೂ ನೇತಾಕಂಗಿಲ್ಲ."

ಅಣ್ಣ ಹೆಲ್ಮೆಟ್ಟು ಎತ್ತಿಕೊಂಡ. ಜರ್ಕಿನ್ನು, ಛತ್ರಿ, ತರಕಾರಿ ಬ್ಯಾಗು ಎಲ್ಲವನ್ನೂ ಎತ್ತಿಕೊಂಡ. ಕೀಗಳನ್ನು ಅವರವರು ಗುರುತು ಹಿಡಿದು ತೆಗೆದುಕೊಂಡರು. ಅತ್ತಿಗೆ ಗಡಿಯಾರ ಕೆಳಗಿಟ್ಟು ಒಳಗೆ ಓಡಿ ಮೊರದ ತುಂಬ ಅಕ್ಕಿ ತಂದು ಜೋಳಿಗೆಗೆ ಸುರಿದರು. ಮನೆ ಉಳಿದ ಖುಷಿಗೆ ಇನ್ನೊಂದು ಮೊರ. ಚಿಕ್ಕನಿಂಗಮ್ಮನವರು ತಮ್ಮ ಮನೆಯಿಂದ ರಾಗಿ ತಂದರು. ಪಕ್ಕದ ಮನೆಯವರು ಹುರುಳಿ ತಂದರು.

ಹುರುಳಿ ಬೀಳುವಾಗ ಸ್ಟ್ಯಾಂಡು ಕಿರ್ರೆಂದಿತು. ಅಣ್ಣ ಎಳೆದು ಸಡಿಲಿಸಿದ್ದ ಮೂಲೆಯಿಂದ ಒಂದು ಹೆಂಟೆ ಗಾರೆ ಉದುರಿತು. ಸ್ಟ್ಯಾಂಡು ವಾಲಿತು. ಜೋಳಿಗೆ ನೆಲದ ಕಡೆಗೆ ಒಂದು ಗೇಣು ಇಳಿಯಿತು.

"ಅಯ್ಯಯ್ಯೋ!" ಅಂತ ಪುಟ್ಟಬಸಪ್ಪನವರು ನೆಗೆದು ಎರಡೂ ಕೈಯಿಂದ ಸ್ಟ್ಯಾಂಡನ್ನು ಮೇಲಕ್ಕೆತ್ತಿ ಹಿಡಿದರು. "ಮಿಷನ್ ಎಲ್ಲದ್ಲಾ?"

"ಯಾವ್ ಮಿಷನ್ ಯಜಮಾನ್ರೇ?"

"ನನ್ ಗೋಡೆ ತೂತ್ ಮಾಡುದ್ಯಲ್ಲ, ಆ ಮಿಷನ್ನು! ತತ್ತಾ!"

"ಇನ್ನೂ ಒಂದೆರಡು ತೂತಾಯ್ತವೆ..."

"ಆಗ್ಲಿ! ಆಳಕ್ಕೇ ಹೊಡಿ! ಉದ್ದುದ್ದ ಸ್ಕ್ರೂ ತತ್ತಾ! ಬೇಗ ಓಗು, ಕೈ ಸೋತೋಯ್ತಾದೆ!"

ಮಿಷನ್ ಮಂಚದ ಕೆಳಗಿತ್ತು. ಅಣ್ಣನ ಎರಡೂ ಕೈ ತುಂಬ ಸಾಮಾನು. ಎಲ್ಲಿಡುವುದೆಂದು ಸುತ್ತ ನೋಡಿದ. ನೆಲದ ತುಂಬ ಜನ, ಗೋಡೆಗಳೆಲ್ಲ ಬೋಳು. ಕಡೆಗೆ ಅವನ ಕಣ್ಣು ಕೈಯೆತ್ತಿ ನಿಂತಿದ್ದ ಪುಟ್ಟಬಸಪ್ಪನವರ ಮೇಲೆ ನಿಂತಿತು. ಜರ್ಕಿನ್ನನ್ನು ಅವರ ಹೆಗಲಿಗೆ ಹಾಕಿದ. ತರಕಾರಿ ಬ್ಯಾಗನ್ನು ಒಂದು ಮೊಣಕೈಗೆ ಸಿಕ್ಕಿಸಿದ, ಛತ್ರಿಯನ್ನು ಇನ್ನೊಂದಕ್ಕೆ. ಒಂದು ಗಳಿಗೆ ಅನುಮಾನಿಸಿ, ಹೆಲ್ಮೆಟ್ಟನ್ನು ತಲೆಗೆ ಇಟ್ಟ. ಹಿಂದೆ ಸರಿದು, ಹೇಗೆ ಕಾಣುತ್ತದೆ ಅಂತ ನೋಡಿದ. ಆಮೇಲೆ ಒಳಗೆ ಓಡಿದ.

ಪುಟ್ಟಬಸಪ್ಪನವರು ಅಲುಗಾಡಲಿಲ್ಲ.